ಗೋರಿಯಿಲ್ಲದ ಆಟಗಾರ

ಕಡಲೆ ಕಿತ್ತು ಮುಗಿದು, ಬಿಳಿಜೋಳದ ಕೂಳೆ ಮಾತ್ರ ಉಳಿದಿರುವ ಈ ದಿನಗಳಲ್ಲಿ, ಅಣ್ಣಿಗೇರಿಯ ಹೊರಗೆ ನವಲಗುಂದದ ದಾರಿಯ ಬದಿಗಿರುವ ಎರೆ ಹೊಲವೊಂದರಲ್ಲಿ ಸಂಜೆಯ ಹೊತ್ತು ಹತ್ತು ಹನ್ನೆರಡು ಹುಡುಗರು ಕಾಲ್ಚೆಂಡು ಆಡುತ್ತಾರೆ. ಬಿಸಿಲಿಗೆ ಬಾಯ್ದೆರೆದ ನೆಲದ ಬಿರುಕಿನಲ್ಲಿ ಕಾಲು ಸಿಕ್ಕಿದರೆ ಹರಡು ಉಳುಕುವುದು ನಿಶ್ಚಯ. ಆದಕಾರಣ ಆಟಕ್ಕೆ ಮುನ್ನ ದೊಡ್ಡ ಬಿರುಕುಗಳಿಗೆಲ್ಲ ಜೋಳದ ದಂಟನ್ನು ತುರುಕಿ, ಮೇಲೆ ಹೆಂಟೆ ಒಡೆದು ಮಣ್ಣು ಮುಚ್ಚಿ, ಬರಿಗಾಲಿನಿಂದ ತುಳಿದು ಸಮ ಮಾಡುತ್ತಾರೆ. ಇದೇ ಹುಡುಗರು ನಸುಕಿನಲ್ಲಿ ಎದ್ದು ಸೈನ್ಯದ ಭರ್ತಿಗಾಗಿ ಅದೇ ದಾರಿಯಲ್ಲಿ ಮೈಲಿಗಟ್ಟಲೆ ಓಡುವುದನ್ನೂ ನಾನು ಕಂಡಿದ್ದೇನೆ. ಮೊನ್ನೆ ಅವರಲ್ಲೊಬ್ಬನು ಬೆವರು ಒರೆಸಿಕೊಳ್ಳುತ್ತ ಬಂದು, "ಸರ, ಫುಟ್‌ಬಾಲ್ ಆಡಿ ಪಗಾರ ತಗೊಳ್ಳೋವ್ರು ದಂಡಿಗೆ ಹೋದದ್ದು ಎಲ್ಲ್ಯರೆ ಐತೇನ್ರಿ?" ಎಂದು ಕೇಳಿದನು. ಇದೆಯೆಂದು ಹೇಳಿ, ಆ ಕಥೆಯನ್ನು ಅಲ್ಲಿಯೇ ಬದುವಿನ ಮೇಲೆ ಕುಳಿತು ಹೇಳಿದೆನು. ಆಗ ಹೇಳಿದ್ದನ್ನೂ ಹೇಳಲು ಉಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಅವನ ಹೆಸರು ವಾಲ್ಟರ್ ಟಲ್. ಇಂಗ್ಲೆಂಡಿನ ಕೆಂಟ್ ಪ್ರಾಂತದ ಫೋಕ್‌ಸ್ಟನ್ ಎಂಬ ಕಡಲತಡಿಯ ಊರಿನಲ್ಲಿ 1888ರ ಏಪ್ರಿಲ್ 28ರಂದು ಹುಟ್ಟಿದವನು. ತಂದೆ ಡೇನಿಯಲ್ ಟಲ್ ವೆಸ್ಟ್ ಇಂಡೀಸಿನ ಬಾರ್ಬಡೋಸ್ ದ್ವೀಪದಿಂದ ಹಡಗೇರಿ ಬಂದ ಕಪ್ಪು ವರ್ಣದ ಬಡಗಿ. ಆ ಬಡಗಿಯ ಹೆತ್ತವರು ಕಬ್ಬಿನ ತೋಟಗಳಲ್ಲಿ ಗುಲಾಮರಾಗಿ ದುಡಿದ ಪೀಳಿಗೆಯವರು. ತಾಯಿ ಆಲಿಸ್ ಪಾಮರ್ ಕೆಂಟ್ ಪ್ರಾಂತದವಳೇ ಆದ ಬಿಳಿಯ ಹೆಣ್ಣುಮಗಳು. ಹುಡುಗನಿಗೆ ಏಳು ವರುಷ ತುಂಬುವ ಹೊತ್ತಿನಲ್ಲಿ, 1895ರಲ್ಲಿ, ತಾಯಿ ತೀರಿಕೊಂಡಳು; ಎರಡು ವರುಷ ಕಳೆಯುವುದರೊಳಗೆ ತಂದೆಯೂ ಕಣ್ಮುಚ್ಚಿದನು. ಮಲತಾಯಿ ಕ್ಲಾರಾ ದುಷ್ಟಳಲ್ಲ, ಬಡವಳು. ಅಷ್ಟೂ ಮಕ್ಕಳ ಹೊಟ್ಟೆ ತುಂಬಿಸಲಾರದೆ, ವಾಲ್ಟರನನ್ನೂ ಅವನ ಅಣ್ಣ ಎಡ್ವರ್ಡನನ್ನೂ ಲಂಡನ್ನಿನ ಬೆತ್ನಲ್ ಗ್ರೀನಿನಲ್ಲಿ ಮೆಥೊಡಿಸ್ಟ್ ಪಂಥದವರು ನಡೆಸುತ್ತಿದ್ದ ಅನಾಥಾಲಯಕ್ಕೆ ಒಪ್ಪಿಸಿದಳು. 1900ರಲ್ಲಿ ಎಡ್ವರ್ಡನನ್ನು ಗ್ಲಾಸ್ಗೋ ನಗರದ ವಾರ್ನಾಕ್ ಎಂಬ ಮನೆತನದವರು ದತ್ತು ಪಡೆದರು. ಅವನು ಮುಂದೆ ದಂತವೈದ್ಯನಾದನು. ಹಾಡುಗಾರಿಕೆ ಬಲ್ಲ ಅಣ್ಣನೊಡನೆ ಬೆಳೆದ ತಮ್ಮನು ಆ ದೊಡ್ಡ ಕಟ್ಟಡದಲ್ಲಿ ಒಂಟಿಯಾಗಿ ಉಳಿದು, ಮುದ್ರಣದ ಕೆಲಸ ಕಲಿಯುತ್ತ, ಬಿಡುವಿನಲ್ಲಿ ಅನಾಥಾಲಯದ ತಂಡಕ್ಕಾಗಿ ಚೆಂಡು ಒದೆಯುತ್ತ ದೊಡ್ಡವನಾದನು.

1908ರಲ್ಲಿ ಕ್ಲಾಪ್ಟನ್ ಎಂಬ ಹವ್ಯಾಸಿ ಸಂಘವು ಅವನನ್ನು ಸೇರಿಸಿಕೊಂಡಿತು; ಆ ಒಂದೇ ವರುಷದಲ್ಲಿ ಆ ಸಂಘವು ಇಂಗ್ಲೆಂಡಿನ ಹವ್ಯಾಸಿ ಕಪ್ಪನ್ನೂ ಲಂಡನ್ನಿನ ಇನ್ನೆರಡು ಕಪ್ಪುಗಳನ್ನೂ ಗೆದ್ದುಕೊಂಡಿತು. ಇಲ್ಲಿ ಹವ್ಯಾಸಿ, ವೃತ್ತಿಪರ ಎಂಬ ಭೇದವನ್ನು ನಮ್ಮ ಕಡೆಯ ಓದುಗರಿಗೆ ಬಿಡಿಸಿ ಹೇಳಬೇಕು. ಜಾತ್ರೆಯ ಕುಸ್ತಿಯ ಕಣದಲ್ಲಿ ಇನಾಮು ಗೆಲ್ಲುವ, ಊರ ಹಿರಿಯರು ಹಾಲು ಬಾದಾಮಿಯ ಖುರಾಕಿಗೆ ಹಣ ಕೊಟ್ಟು ಸಾಕುವ ಪೈಲ್ವಾನನನ್ನು ನಾವು ಎಂದೂ ಕೀಳಾಗಿ ಕಂಡವರಲ್ಲ. ಬೆಳ್ಳಿಯ ಕಡೆ ತೊಟ್ಟು ಊರೊಳಗೆ ಬಂದರೆ ಆರತಿ ಎತ್ತಿದವರು. ಇಂಗ್ಲೆಂಡಿನಲ್ಲಾದರೋ ಆಟಕ್ಕೆ ಹಣ ಪಡೆಯುವುದು ಕುಲೀನರಿಗೆ ತಕ್ಕುದಲ್ಲವೆಂಬ ಭಾವನೆ ಬಹುಕಾಲ ಬೇರೂರಿತ್ತು. ಕಲ್ಲಿದ್ದಲ ಗಣಿಯಲ್ಲಿಯೂ ನೂಲಿನ ಗಿರಣಿಯಲ್ಲಿಯೂ ದುಡಿಯುವವನಿಗೆ ಒಂದು ದಿನದ ಕೂಲಿ ತಪ್ಪಿದರೆ ಒಂದು ದಿನದ ಅನ್ನ ತಪ್ಪಿದಂತೆ ಎಂಬ ಸತ್ಯವು ಆಟದ ಅಧಿಪತಿಗಳಿಗೆ ಮನವರಿಕೆಯಾಗಿ, ಸಂಬಳದ ಆಟವನ್ನು ಅವರು ವಿಧಿವತ್ತಾಗಿ ಒಪ್ಪಿಕೊಂಡದ್ದು 1885ರಲ್ಲಿ. ಒಪ್ಪಿದ ಮೇಲೂ ಕಟ್ಟುಪಾಡು ಹಾಕಿದರು: 1901ರಿಂದ ಯಾವ ಆಟಗಾರನಿಗೂ ವಾರಕ್ಕೆ 4 ಪೌಂಡಿಗಿಂತ ಹೆಚ್ಚು ಕೊಡತಕ್ಕದ್ದಲ್ಲ. ಹಾಗಿದ್ದರೂ ಅದು ಕುಶಲ ಕೆಲಸಗಾರನೊಬ್ಬನ ಕೂಲಿಗೆ ಹೆಚ್ಚುಕಡಿಮೆ ಎರಡರಷ್ಟಿತ್ತು.

1909ರ ಬೇಸಗೆಯಲ್ಲಿ ಟಾಟನ್‌ಹ್ಯಾಮ್ ಹಾಟ್‌ಸ್ಪರ್ ಸಂಘವು ಅರ್ಜೆಂಟೀನಾ, ಉರುಗ್ವೆ ದೇಶಗಳ ಪ್ರವಾಸಕ್ಕೆ ಟಲ್ಲನನ್ನು ಕರೆದೊಯ್ದು, ಮರಳಿ ಬಂದ ಮೇಲೆ 10 ಪೌಂಡು ಕೊಟ್ಟು ಅವನ ಸಹಿ ಹಾಕಿಸಿಕೊಂಡಿತು. ಇಪ್ಪತ್ತೊಂದರ ಪ್ರಾಯದ ಮುದ್ರಣ ಕೆಲಸದ ಹುಡುಗನು ಹೀಗೆ ಆ ದೇಶದ ಅತ್ಯುನ್ನತ ಶ್ರೇಣಿಯಲ್ಲಿ ಸಂಬಳದ ಆಟಗಾರನಾದನು. ಅವನಿಗಿಂತ ಮೊದಲೂ ಕಪ್ಪು ವರ್ಣದ ವೃತ್ತಿಪರರು ಇದ್ದರು. ಆಫ್ರಿಕದ ಆಕ್ರಾದಲ್ಲಿ ಹುಟ್ಟಿದ ಆರ್ಥರ್ ವಾರ್ಟನ್ ಎಂಬ ಗೋಲ್‌ಕೀಪರನು 1886ರಲ್ಲಿ ನೂರು ಗಜವನ್ನು ಹತ್ತೇ ಸೆಕೆಂಡಿನಲ್ಲಿ ಓಡಿ ಕೀರ್ತಿ ಪಡೆದಿದ್ದನು. ಆದರೆ ಗೋಲಿನ ಕಂಬಗಳ ನಡುವೆ ನಿಲ್ಲುವುದು ಬೇರೆ, ಹತ್ತು ಜನರ ನಡುವೆ ನುಗ್ಗಿ ಆಡುವುದು ಬೇರೆ. ಟಲ್ಲನು ವೇಗದ ಆಟಗಾರನಲ್ಲ. ಚೆಂಡನ್ನು ಕಾಲಿಗೆ ಅಂಟಿಸಿಕೊಂಡವನಂತೆ ಹಿಡಿದು, ತಲೆಯೆತ್ತಿ ನೋಡಿ, ಜೊತೆಗಾರನು ಓಡಿ ಸೇರುವ ಜಾಗಕ್ಕೆ ಅದನ್ನು ದಾಟಿಸುವ ವಿವೇಕಿ.

1909ರ ಅಕ್ಟೋಬರ್ 9ರಂದು ಟಾಟನ್‌ಹ್ಯಾಮ್ ತಂಡವು ಬ್ರಿಸ್ಟಲ್ ನಗರದಲ್ಲಿ ಆಡಿತು. ನೋಡಲು ನೆರೆದ ಜನರಲ್ಲಿ ಒಂದು ಗುಂಪು ಟಲ್ಲನೊಬ್ಬನ ಮೇಲೆ, ಅವನ ಮೈಬಣ್ಣವನ್ನು ಹಿಡಿದು, ಆಟ ಮುಗಿಯುವತನಕ ಬೈಗುಳ ಸುರಿಸಿತು. ಮೀನುಪೇಟೆಯಲ್ಲಿಯೂ ಕೇಳಬರದಂತಹ ಹೀನ ಭಾಷೆಯೆಂದು ಅಂದಿನ ಕ್ರೀಡಾ ಪತ್ರಿಕೆಯ ವರದಿಗಾರನೇ ಬರೆದನು. ಅಷ್ಟಕ್ಕೆ ನಿಲ್ಲಿಸದೆ, ಮನಸ್ಸಿನಲ್ಲಿಯೂ ಆಟದ ರೀತಿಯಲ್ಲಿಯೂ ಟಲ್ಲನಷ್ಟು ಶುದ್ಧನಾದವನನ್ನು ಬಿಳಿಯ ಆಟಗಾರರೆಲ್ಲರೂ ಆದರ್ಶವಾಗಿಟ್ಟುಕೊಳ್ಳಬೇಕೆಂದೂ ಸೇರಿಸಿದನು. ಕಣದಲ್ಲಿದ್ದ ಹುಡುಗನು ಮರುನುಡಿಯಲಿಲ್ಲ, ಆಡಿದನು. ಆ ಬಳಿಕ ಸ್ವಲ್ಪ ಕಾಲದಲ್ಲಿಯೇ ಮೊದಲ ತಂಡದಿಂದ ಅವನನ್ನು ಇಳಿಸಿ ಮೀಸಲು ತಂಡಕ್ಕೆ ಹಾಕಿದರು. ಎರಡು ವರುಷಗಳಲ್ಲಿ ಲೀಗಿನ ಹತ್ತು ಆಟ, ಎರಡು ಗೋಲು: ಟಾಟನ್‌ಹ್ಯಾಮಿನಲ್ಲಿ ಅವನ ಲೆಕ್ಕ ಇಷ್ಟೇ. ಬ್ರಿಸ್ಟಲ್ಲಿನ ಕೂಗಿಗೂ ಈ ಇಳಿತಕ್ಕೂ ಸಂಬಂಧವಿದೆಯೆಂದು ಅನೇಕರು ನಂಬುತ್ತಾರೆ, ನಾನೂ ನಂಬುತ್ತೇನೆ.

ಆಟದ ರಂಗದ ನಡುವೆ ನಿಂತವನಿಗೆ, ಅವನ ವಿದ್ಯೆಯನ್ನು ಬದಿಗಿರಿಸಿ, ಹುಟ್ಟನ್ನು ಕೇಳುವ ಈ ಪರಿ ಅಣ್ಣಿಗೇರಿಯಲ್ಲಿ ಕುಳಿತವನಿಗೆ ಹೊಸತಲ್ಲ. ಪಂಪನ ತಾಯಿಯ ತವರು ಈ ಊರು. ಕುರ್ಕ್ಯಾಲದ ಬಂಡೆಗಲ್ಲಿನ ಶಾಸನವು ಆ ತಾಯಿಯ ಅಜ್ಜನಾದ ಅಣ್ಣಿಗೇರಿಯ ಜೋಯಿಸ ಸಿಂಘನ ಹೆಸರನ್ನು ನಮಗಾಗಿ ಉಳಿಸಿಕೊಟ್ಟಿದೆ. ಕ್ರಿ.ಶ. 941ರಲ್ಲಿ ಆ ಮಹಾಕವಿಯು ಭಾರತದ ಕಥೆಯನ್ನು ಕನ್ನಡಕ್ಕೆ ತಂದಾಗ, ರಾಜಕುಮಾರರ ಶಸ್ತ್ರಪರೀಕ್ಷೆಯ ಕಣಕ್ಕೆ ಬಂದು ಬಿಲ್ವಿದ್ಯೆ ತೋರಿದ ಕರ್ಣನನ್ನು ಕುಲವೇನೆಂದು ಕೇಳಿ ತಲೆತಗ್ಗಿಸುವಂತೆ ಮಾಡಿದ ಪ್ರಸಂಗವನ್ನು ಎಷ್ಟು ನೊಂದು ಬರೆದಿದ್ದಾನೆಂಬುದನ್ನು ಓದಿದವರು ಬಲ್ಲರು. ಅಲ್ಲಿ ಕರ್ಣನಿಗೆ ಅಂಗರಾಜ್ಯವನ್ನು ಕೊಟ್ಟು ಎತ್ತಿಹಿಡಿಯಲು ಒಬ್ಬ ದುರ್ಯೋಧನನಿದ್ದನು. ಟಲ್ಲನಿಗೆ ಒದಗಿದವನು ನಾರ್ಥಾಂಪ್ಟನ್ ಟೌನ್ ಸಂಘದ ವ್ಯವಸ್ಥಾಪಕ ಹರ್ಬರ್ಟ್ ಚಾಪ್‌ಮನ್. ಮುಂದೆ ಇಂಗ್ಲಿಷ್ ಕಾಲ್ಚೆಂಡಿನ ಸ್ವರೂಪವನ್ನೇ ಬದಲಿಸಿದ ಚಾಪ್‌ಮನ್ ಇವನೇ. 1911ರ ಅಕ್ಟೋಬರಿನಲ್ಲಿ ಅವನು ಟಲ್ಲನನ್ನು ಕರೆತಂದು ಹಾಫ್-ಬ್ಯಾಕ್ ಜಾಗದಲ್ಲಿ ನಿಲ್ಲಿಸಿದನು. ಮುನ್ನುಗ್ಗುವವರಿಗೂ ಹಿಂದೆ ಕಾಯುವವರಿಗೂ ಮಧ್ಯದಲ್ಲಿ ನಿಂತು ಇಬ್ಬರ ಕೆಲಸವನ್ನೂ ಹೊರುವ ಜಾಗ ಅದು. ನೂರಕ್ಕೂ ಮಿಕ್ಕಿ ಆಟಗಳನ್ನು ಆ ಸಂಘಕ್ಕಾಗಿ ಆಡಿದ ಟಲ್ಲನು ಊರಿಗೆಲ್ಲ ಪ್ರಿಯನಾದನು.

ಅದೇ 1911ರ ಬೇಸಗೆಯಲ್ಲಿ, ಅದೇ ಇಂಗ್ಲೆಂಡಿನ ಬಯಲುಗಳಲ್ಲಿ, ನಮ್ಮ ಧಾರವಾಡದಲ್ಲಿ ಹುಟ್ಟಿದವರೊಬ್ಬರು ಚೆಂಡು ಎಸೆಯುತ್ತಿದ್ದರು. 1876ರಲ್ಲಿ ಧಾರವಾಡದಲ್ಲಿ, ಪಲ್ಟನ್ನಿನ ಸಿಪಾಯಿಯೊಬ್ಬನ ಮಗನಾಗಿ, ಚಮ್ಮಾರ ಕುಲದಲ್ಲಿ ಜನಿಸಿದ ಪಾಲ್ವಣಕರ ಬಾಳೂ ಅವರು ಪುಣೆಯ ಕ್ರಿಕೆಟ್ ಮೈದಾನಗಳಲ್ಲಿ ತಿಂಗಳಿಗೆ ಮೂರು ನಾಲ್ಕು ರೂಪಾಯಿ ಸಂಬಳಕ್ಕೆ ಕಸ ಗುಡಿಸಿ, ರೋಲರು ಎಳೆದು, ಬಿಳಿಯ ಸಾಹೇಬರಿಗೆ ಅಭ್ಯಾಸಕ್ಕಾಗಿ ಚೆಂಡು ಎಸೆಯುತ್ತಲೇ ಭಾರತದ ಅಗ್ರಗಣ್ಯ ಸ್ಪಿನ್ ಬೌಲರರಾದವರು. 1911ರ ಆ ಇಂಗ್ಲೆಂಡ್ ಪ್ರವಾಸದಲ್ಲಿ ಅವರು ಕೆಡವಿದ ವಿಕೆಟ್ಟುಗಳು 114. ಇಷ್ಟಾದರೂ ಪುಣೆಯಲ್ಲಿ ಅವರ ಜೊತೆಯಲ್ಲಿ ಆಡಿದ ಸವರ್ಣೀಯ ಆಟಗಾರರು, ಅವರ ಕೈಯಿಂದ ಚೆಂಡನ್ನು ಮುಟ್ಟಿಸಿಕೊಂಡು, ಚಹದ ವೇಳೆಗೆ ಅವರನ್ನು ಪೆವಿಲಿಯನ್ನಿನ ಹೊರಗೆ ನಿಲ್ಲಿಸಿ ಮಣ್ಣಿನ ಕುಡಿಕೆಯಲ್ಲಿ ಬೇರೆಯಾಗಿ ಚಹ ಕೊಡುತ್ತಿದ್ದರು. ಬ್ರಿಸ್ಟಲ್ಲಿನ ಗುಂಪಿನ ಮೇಲೆ ನಮಗೆ ಕೋಪ ಬರುವುದು ಸಹಜ. ಆ ಕುಡಿಕೆಯನ್ನೂ ನಾವು ಮರೆಯಲಾಗದು, ಏಕೆಂದರೆ ಅದನ್ನು ಕೊಟ್ಟ ಕೈ ನಮ್ಮವರದೇ.

ಜೊತೆಯಲ್ಲಿ ಬೆವರು ಸುರಿಸಿದವರು ಮನುಷ್ಯನನ್ನು ಕಾಣುತ್ತಾರೆ, ದೂರ ಕುಳಿತವರು ಮಾತ್ರ ಬಣ್ಣವನ್ನೋ ಕುಲವನ್ನೋ ಕಾಣುತ್ತಾರೆ ಎಂದು ಬಹುಕಾಲ ನಾನು ತಿಳಿದಿದ್ದೆ. ಬಾಳೂ ಅವರ ಜೀವನವನ್ನು ಓದಿದ ಮೇಲೆ ಆ ತಿಳಿವಳಿಕೆ ಅರ್ಧ ಮಾತ್ರ ನಿಜವೆಂದು ಒಪ್ಪಿಕೊಂಡೆ. ಒಟ್ಟಿಗೆ ಆಡಿದರೆ ಸಾಲದು; ಒಬ್ಬನ ಪ್ರಾಣ ಇನ್ನೊಬ್ಬನ ಕೈಯಲ್ಲಿರುವ ಸನ್ನಿವೇಶ ಬಂದಾಗ ಮಾತ್ರ ಆ ಗೋಡೆ ಬೀಳುತ್ತದೆಯೋ ಏನೋ. ಟಲ್ಲನ ಕಥೆಯ ಉತ್ತರಾರ್ಧವು ನನ್ನನ್ನು ಹಿಡಿದಿಟ್ಟಿರುವುದು ಈ ಕಾರಣಕ್ಕೆ.

1914ರ ಆಗಸ್ಟಿನಲ್ಲಿ ಮಹಾಯುದ್ಧ ಆರಂಭವಾಯಿತಷ್ಟೆ. ದೇಶವು ರಣರಂಗದಲ್ಲಿರುವಾಗ ಸಂಬಳ ಪಡೆದು ಚೆಂಡು ಒದೆಯುವವರೇ ಎಂಬ ನಿಂದೆ ಪತ್ರಿಕೆಗಳಲ್ಲಿ ದಿನದಿನಕ್ಕೆ ಬೆಳೆಯಿತು. ಆ ವರುಷದ ಡಿಸೆಂಬರ್ 15ರಂದು ಲಂಡನ್ನಿನ ಫುಲ್‌ಹ್ಯಾಮ್ ಪುರಭವನದಲ್ಲಿ ಸಭೆ ಸೇರಿ, ಮಿಡ್ಲ್‌ಸೆಕ್ಸ್ ರೆಜಿಮೆಂಟಿನ 17ನೆಯ ಪಲ್ಟನ್ನನ್ನು ಆಟಗಾರರ ಪಲ್ಟನ್ನಾಗಿ ಕಟ್ಟಿದರು. ಆರು ದಿನ ಕಳೆದು, ಡಿಸೆಂಬರ್ 21ರಂದು, ನಾರ್ಥಾಂಪ್ಟನ್ನಿನ ಆಟಗಾರರಲ್ಲಿ ಮೊದಲಿಗನಾಗಿ ವಾಲ್ಟರ್ ಟಲ್ ಹೆಸರು ಕೊಟ್ಟನು. 1915ರ ನವೆಂಬರಿನಲ್ಲಿ ಆ ಪಲ್ಟನ್ನು ಫ್ರಾನ್ಸಿಗೆ ಇಳಿಯುವುದರೊಳಗೆ ಸಾಮಾನ್ಯ ಸಿಪಾಯಿಯಾಗಿ ಸೇರಿದವನು ಸಾರ್ಜೆಂಟನ ದರ್ಜೆಗೆ ಏರಿದ್ದನು.

ಆ ಕಂದಕಗಳ ಯುದ್ಧವನ್ನು ಪುಸ್ತಕದಿಂದ ತಿಳಿಯುವುದಕ್ಕಿಂತ ನಮ್ಮ ಎರೆ ಸೀಮೆಯವರು ಮೈಯಿಂದ ತಿಳಿಯಬಲ್ಲರು. ಶ್ರಾವಣದ ಜಡಿಮಳೆಯಲ್ಲಿ ಬೆಣ್ಣೆಹಳ್ಳ ಉಕ್ಕಿ ಬಂದಾಗ ಹೊಲದೊಳಗೆ ನಾಲ್ಕು ಹೆಜ್ಜೆ ಇಟ್ಟವನ ಕಾಲಿಗೆ ಮೆತ್ತಿಕೊಳ್ಳುವ ಕೆಸರು, ಕೊಡವಿದರೆ ಬೀಳದೆ, ಮರುಹೆಜ್ಜೆಗೆ ಇಮ್ಮಡಿಯಾಗಿ, ಕಡೆಗೆ ಕಾಲನ್ನು ಎತ್ತುವುದೇ ಒಂದು ದುಡಿಮೆಯಾಗುತ್ತದೆ. ಎತ್ತು ಹೂತುಕೊಂಡರೆ ಹಗ್ಗ ಹಾಕಿ ಎಳೆಯಬೇಕಾಗುತ್ತದೆ. ಅಂತಹ ಕೆಸರಿನಲ್ಲಿ ಆಳುದ್ದದ ಕಾಲುವೆ ತೋಡಿ, ಮೊಣಕಾಲು ಮಟ್ಟದ ನೀರಿನಲ್ಲಿ ನಿಂತು, ಹೇನು ಹೆಗ್ಗಣಗಳ ನಡುವೆ ಹಗಲಿರುಳು ತಲೆಯ ಮೇಲೆ ಫಿರಂಗಿಯ ಗುಂಡು ಸಿಡಿಯುವುದನ್ನು ಕೇಳುತ್ತ ತಿಂಗಳುಗಟ್ಟಲೆ ಬದುಕುವುದೆಂದರೆ ಏನೆಂಬುದನ್ನು ಊಹಿಸಬಹುದು. 1916ರ ಮೇ ತಿಂಗಳಲ್ಲಿ ಆ ಸಿಡಿತಕ್ಕೆ ಟಲ್ಲನ ಚಿತ್ತವೂ ಕದಡಿತು. ಅವನನ್ನು ಇಂಗ್ಲೆಂಡಿನ ಆಸ್ಪತ್ರೆಗೆ ಕಳುಹಿಸಿದರು. ಚೇತರಿಸಿಕೊಂಡ ಟಲ್ಲನು ಅದೇ ವರುಷ ಸೊಮ್ಮೆಯ ರಣರಂಗಕ್ಕೆ ಮರಳಿದನು. ಒಮ್ಮೆ ಚಿತ್ತ ಕದಡಿದ ಮೇಲೆ ಮತ್ತೆ ಅದೇ ಸದ್ದಿನೊಳಗೆ ಕಾಲಿಟ್ಟ ಈ ಸಂಗತಿಯನ್ನು ನಾನು ಅವನ ಸಮಸ್ತ ಪರಾಕ್ರಮಗಳಿಗಿಂತ ಮೇಲಾಗಿ ಎಣಿಸುತ್ತೇನೆ.

ಆ ಬಳಿಕ ನಡೆದುದು ಆ ಸೈನ್ಯದ ಲಿಖಿತ ನಿಯಮಗಳಿಗೆ ಹೊರತಾದುದು. ಅಧಿಕಾರಿಯ ಪದವಿಯು ಶುದ್ಧ ಯುರೋಪಿಯ ಸಂತತಿಯವರಿಗೆ ಮಾತ್ರ ಎಂದು ಬ್ರಿಟಿಷ್ ಸೈನ್ಯದ ಕೈಪಿಡಿ ವಿಧಿಸಿತ್ತು. ಆದಾಗ್ಯೂ ಟಲ್ಲನ ಮೇಲಧಿಕಾರಿಗಳು ಅವನ ಹೆಸರನ್ನು ಶಿಫಾರಸು ಮಾಡಿದರು. ಸ್ಕಾಟ್ಲೆಂಡಿನ ಗೇಲ್ಸ್ ಎಂಬಲ್ಲಿ ತರಬೇತು ಮುಗಿಸಿದ ಅವನು 1917ರ ಮೇ 30ರಂದು ಸೆಕೆಂಡ್ ಲೆಫ್ಟಿನೆಂಟನಾದನು. ಬ್ರಿಟಿಷ್ ಸೈನ್ಯದ ಮೊತ್ತಮೊದಲ ಕಪ್ಪು ಅಧಿಕಾರಿ ಇವನೇ ಎಂದು ಬಹುಕಾಲ ಹೇಳುತ್ತಿದ್ದರು. ಅವನಿಗಿಂತ ಮುಂಚೆ ಆ ಪದವಿ ಪಡೆದವರೂ ಇದ್ದರೆಂದು ಈಚಿನ ಸಂಶೋಧನೆ ತೋರಿಸಿದೆ. ಮೊದಲಿಗನೋ ಎರಡನೆಯವನೋ ಎಂಬ ಚರ್ಚೆಯಿಂದ ಅವನ ಹಿರಿಮೆಗೆ ಕುಂದಿಲ್ಲ. ಆ ಕಾಲದ ಭಾರತೀಯ ಸೈನ್ಯವನ್ನೇ ನೋಡಿರಿ: ಮೂವತ್ತು ವರುಷ ಸೇವೆ ಮಾಡಿದ ನಮ್ಮ ಸುಬೇದಾರನು ನಿನ್ನೆ ಮೊನ್ನೆ ಹಡಗಿನಿಂದಿಳಿದ ಬಿಳಿಯ ಲೆಫ್ಟಿನೆಂಟನಿಗೆ ಸಲಾಮು ಹೊಡೆಯಬೇಕಿತ್ತು. ರಾಜಮುದ್ರೆಯ ಅಧಿಕಾರಪತ್ರದ ಬಾಗಿಲು ಭಾರತೀಯರಿಗೆ ತುಸುವಾಗಿ ತೆರೆದದ್ದು 1917ರ ಆಗಸ್ಟಿನಲ್ಲಿ; ಆ ಬಾಗಿಲಿನಿಂದ ಒಳಹೊಕ್ಕು 1919ರ ಡಿಸೆಂಬರಿನಲ್ಲಿ ಅಧಿಕಾರಿಯಾದ ಕೊಡಗಿನ ಕಾರಿಯಪ್ಪನವರು 1949ರ ಜನವರಿ 15ರಂದು ಸ್ವತಂತ್ರ ಭಾರತದ ದಂಡನಾಯಕರಾದರು. ಕದ ತೆರೆದದ್ದು ನ್ಯಾಯಬುದ್ಧಿಯೊಂದರಿಂದಲೇ ಅಲ್ಲ. ಸತ್ತವರ ಜಾಗ ತುಂಬಲು ಜನ ಬೇಕಾಗಿತ್ತು. 1917ರಲ್ಲಿಯೇ, ಅಸ್ಪೃಶ್ಯರೆಂದು ದೂರವಿಟ್ಟಿದ್ದ ಮಹಾರರ 111ನೆಯ ಪಲ್ಟನ್ನನ್ನು ಕಟ್ಟಿದ ಸರಕಾರವು ಯುದ್ಧ ಮುಗಿದ ಕೆಲವೇ ವರುಷಗಳಲ್ಲಿ ಅದನ್ನು ವಿಸರ್ಜಿಸಿಬಿಟ್ಟಿತು.

ಅಧಿಕಾರಿಯಾದ ಟಲ್ಲನನ್ನು ಆಟಗಾರರದೇ ಎರಡನೆಯ ಪಲ್ಟನ್ನಾದ 23ನೆಯ ಮಿಡ್ಲ್‌ಸೆಕ್ಸಿಗೆ ಹಾಕಿ, ಆ ವರುಷದ ಕೊನೆಗೆ ಇಟಲಿಗೆ ಕಳುಹಿಸಿದರು. ಅಲ್ಲಿ ಪಿಯಾವೆ ನದಿಯ ಆಚೆಯ ದಡದಲ್ಲಿ ಶತ್ರುಸೈನ್ಯ, ಈಚೆಯ ದಡದಲ್ಲಿ ಇವರು. 1918ರ ಹೊಸ ವರುಷದ ದಿನಗಳ ಕೊರೆಯುವ ಚಳಿಯಲ್ಲಿ, ರಾತ್ರಿಯ ಹೊತ್ತು, 26 ಜನರನ್ನು ಹಿಂದಿಟ್ಟುಕೊಂಡು ಟಲ್ಲನು ಆ ರಭಸದ ಹಿಮಜಲವನ್ನು ದಾಟಿ ಶತ್ರುಗಳ ನೆಲೆಯೊಳಕ್ಕೆ ಹೋದನು. ಗುಂಡಿನ ಮಳೆಯ ನಡುವೆ ಕೆಲಸ ತೀರಿಸಿ, ಅಷ್ಟೂ ಜನರನ್ನು, ಒಬ್ಬನಿಗೂ ಗಾಯವಾಗದಂತೆ, ಮರಳಿ ಕರೆತಂದನು. ಅವನ ಧೈರ್ಯವನ್ನೂ ಸ್ಥಿರಚಿತ್ತವನ್ನೂ ಮೇಜರ್ ಜನರಲ್ ಸಿಡ್ನಿ ಲಾಫರ್ಡ್ ಲಿಖಿತವಾಗಿ ಹೊಗಳಿದನು. ಮಿಲಿಟರಿ ಕ್ರಾಸ್ ಪದಕ ಅವನಿಗೆ ಸಲ್ಲಬೇಕಾಗಿತ್ತು, ವರ್ಣದ ದೆಸೆಯಿಂದ ತಪ್ಪಿತು ಎಂದು ವಾದಿಸುವವರು ಇಂದಿಗೂ ಇದ್ದಾರೆ. ಆದರೆ ಪದಕದ ವಿಚಾರಕ್ಕಿಂತ ಆ 26 ಜನರೇ ನನ್ನ ಮನಸ್ಸನ್ನು ತುಂಬಿದ್ದಾರೆ. ಬೆಳದಿಂಗಳೂ ಭರವಸೆಯಲ್ಲದ ಆ ಇರುಳಿನಲ್ಲಿ, ಮಂಜುನೀರಿಗೆ ಇಳಿಯುವ ಮುನ್ನ, ಬಿಳಿಯ ಹಳ್ಳಿಗಳಿಂದ ಬಂದ ಆ ಹುಡುಗರು ಯಾರ ಬೆನ್ನನ್ನು ನೋಡಿ ಕಾಲಿಟ್ಟರು? ಬ್ರಿಸ್ಟಲ್ಲಿನಲ್ಲಿ ಬೈಸಿಕೊಂಡವನ ಬೆನ್ನನ್ನು.

1918ರ ಮಾರ್ಚ್ 21ರಂದು ಜರ್ಮನರು ಫ್ರಾನ್ಸಿನಲ್ಲಿ ಮಹಾ ದಾಳಿ ನಡೆಸಿದರು. ಇಟಲಿಯಿಂದ ಮರಳಿದ್ದ ಟಲ್ಲನ ಪಲ್ಟನ್ನು ಹೆಜ್ಜೆಹೆಜ್ಜೆಗೆ ಹೋರಾಡುತ್ತ ಹಿಂದೆ ಸರಿಯಬೇಕಾಯಿತು. ಮಾರ್ಚ್ 25ರಂದು, ಫವ್ರೆಯ್ ಎಂಬ ಹಳ್ಳಿಯ ಬಳಿ, ತನ್ನವರನ್ನು ಹಿಂದಕ್ಕೆ ಕಳುಹಿಸುತ್ತ ನಿಂತಿದ್ದ ಅವನಿಗೆ ಗುಂಡು ತಗುಲಿತು. ಮೂವತ್ತು ವರುಷ ತುಂಬಲು ಇನ್ನೊಂದು ತಿಂಗಳಿತ್ತು. ಆಗ ಟಾಮ್ ಬಿಲಿಂಗ್‌ಹ್ಯಾಮ್ ಎಂಬ ಸಿಪಾಯಿ, ಯುದ್ಧಕ್ಕೆ ಮೊದಲು ಲೆಸ್ಟರ್ ಫಾಸ್ ತಂಡದ ಗೋಲ್‌ಕೀಪರನಾಗಿದ್ದವನು, ಮುನ್ನುಗ್ಗಿ ಬರುತ್ತಿದ್ದ ಶತ್ರುಗಳ ಗುಂಡಿನ ನಡುವೆ ತೆವಳಿ ಹೋಗಿ, ತನ್ನ ಅಧಿಕಾರಿಯ ದೇಹವನ್ನು ಹಿಡಿದು ಎಳೆದು ತರಲು ಯತ್ನಿಸಿದನು. ಜೀವವಿಲ್ಲದ ದೇಹಕ್ಕಾಗಿ ತನ್ನ ಜೀವವನ್ನು ಒಡ್ಡುವುದು ಲೆಕ್ಕಾಚಾರದ ಮಾತಲ್ಲ. ಕಡೆಗೆ ಶತ್ರು ತೀರ ಹತ್ತಿರವಾದಾಗ ಬಿಲಿಂಗ್‌ಹ್ಯಾಮನು ಕೈಬಿಡಲೇಬೇಕಾಯಿತು. ಅಂದು ಕೈಬಿಟ್ಟ ದೇಹ ಮತ್ತೆ ಸಿಕ್ಕಲಿಲ್ಲ.

ಫ್ರಾನ್ಸಿನ ಅರಾಸ್ ಪಟ್ಟಣದಲ್ಲಿ, ಗೋರಿಯಿಲ್ಲದ ಸುಮಾರು 35,000 ಜನರ ಹೆಸರುಗಳನ್ನು ಕೆತ್ತಿದ ಕಲ್ಲಿನ ಗೋಡೆಯಿದೆ. ಅದರ ಏಳನೆಯ ಅಂಕಣದಲ್ಲಿ ವಾಲ್ಟರ್ ಟಲ್ಲನ ಹೆಸರಿದೆ. ಇದನ್ನು ಹುಡುಗರಿಗೆ ಹೇಳುವಾಗ ನನಗೆ ನಮ್ಮ ಊರಿನದೇ ಸಂಗತಿಯೊಂದು ನೆನಪಿಗೆ ಬಂದು ಮಾತು ತಡೆಯಿತು. 2010ರಲ್ಲಿ ಇದೇ ಅಣ್ಣಿಗೇರಿಯಲ್ಲಿ ಚರಂಡಿ ತೋಡುವಾಗ ನೂರಾರು ತಲೆಬುರುಡೆಗಳು ಸಾಲುಸಾಲಾಗಿ ಹೊರಬಂದವು. ಬರದಲ್ಲಿ ಸತ್ತವರೆಂದು ಕೆಲವರು, ಯುದ್ಧದಲ್ಲಿ ಮಡಿದವರೆಂದು ಕೆಲವರು ಹೇಳಿದರು. ಅವರಲ್ಲಿ ಒಬ್ಬರ ಹೆಸರೂ ಯಾರ ಬಾಯಲ್ಲಿಯೂ ಇರಲಿಲ್ಲ. ಇಲ್ಲಿ ಹೆಸರಿಲ್ಲದ ಎಲುಬು, ಅಲ್ಲಿ ಎಲುಬಿಲ್ಲದ ಹೆಸರು. ನಾರ್ಥಾಂಪ್ಟನ್ನಿನವರು 1999ರಲ್ಲಿ ತಮ್ಮ ಆಟದ ಮೈದಾನದ ಬಳಿ ಟಲ್ಲನಿಗೊಂದು ಸ್ಮಾರಕ ನಿಲ್ಲಿಸಿದರು. ಮೈದಾನಕ್ಕೆ ಹೋಗುವ ದಾರಿಗೆ ಅವನ ಹೆಸರಿಟ್ಟರು.

ಕಥೆ ಮುಗಿಯುವ ಹೊತ್ತಿಗೆ ಹೊತ್ತು ಮುಳುಗಿತ್ತು. ಮೊದಲು ಪ್ರಶ್ನೆ ಕೇಳಿದ್ದ ಹುಡುಗನು ಚೆಂಡನ್ನು ಮಡಿಲಲ್ಲಿಟ್ಟುಕೊಂಡು, ಕಾಲಬೆರಳಿನಿಂದ ಮಣ್ಣು ಕೆದಕುತ್ತ ಸುಮ್ಮನೆ ಕುಳಿತಿದ್ದನು. ಬಳಿಕ, "ಹಂಗಾದ್ರ ಅವ ಇನ್ನೂ ಅಲ್ಲೇ ಹೊಲದಾಗ ಅದಾನೇನ್ರಿ?" ಎಂದನು. ಹೌದು, ಅಲ್ಲಿಯೇ ಇದ್ದಾನೆ, ಆ ಹೊಲಗಳಲ್ಲಿ ಈಗ ಗೋಧಿ ಬೆಳೆಯುತ್ತಾರೆ, ನೇಗಿಲು ಹೊಡೆದಾಗ ಇಂದಿಗೂ ಆ ಯುದ್ಧದ ಗುಂಡುಗಳು ಮೇಲೆ ಬರುತ್ತವೆ ಎಂದೆನು.